ಮೂರನೇ ಸಲದ ಹೋಗು

ಮರಳುಗಾಡಿನಂಚಿನ ಕಾಶಾನ್ ಎಂಬ ಊರಿನಲ್ಲಿ ಕೂಲರ್ ರಿಪೇರಿ ಮಾಡುವ ನುಸ್ರತ್ ಆಗಾ ತನ್ನ ಐವತ್ತೇಳು ವರ್ಷಗಳ ಬದುಕಿನಲ್ಲಿ ಯಾರಿಗೂ, ಒಮ್ಮೆಯೂ, ‘ಇಲ್ಲ’ ಅಂದವನಲ್ಲ. ಗ್ಯಾಸ್ ಮೀಟರ್ ನೋಡಲು ಬಂದವನಿಗೂ, ತಪ್ಪು ವಿಳಾಸಕ್ಕೆ ಪಾರ್ಸೆಲ್ ತಂದವನಿಗೂ ಅವನದು ಒಂದೇ ಮಾತು: “ಬನ್ನಿ ಬನ್ನಿ, ನನ್ನ ಕಣ್ಣ ಮೇಲೆ ಕಾಲಿಟ್ಟು ಬನ್ನಿ.” ಊರವರೆಲ್ಲ ನಿಜವಾಗಿ ಕಾಲಿಟ್ಟಿದ್ದರೆ ಆ ಎರಡು ಕಣ್ಣುಗಳು ಇಷ್ಟರಲ್ಲಿ ಡಾಂಬರು ರಸ್ತೆಯಾಗಿರಬೇಕಿತ್ತು.

ಹಾಗಾಗಿ ಅವನ ಒಬ್ಬಳೇ ಮಗಳು ಫರಂಗೀಸ್ ಜರ್ಮನಿಯ ವಿಶ್ವವಿದ್ಯಾಲಯದಿಂದ ಬಂದ ಪತ್ರ ಹಿಡಿದು ನಿಂತು, “ಅಪ್ಪಾ, ನಾನು ಹೋಗ್ಲಾ?” ಎಂದು ಕೇಳಿದಾಗ ಉತ್ತರ ಬಂದ ರೀತಿಗೇ ಅವಳಿಗೆ ಅನುಮಾನ ಹುಟ್ಟಿತು. ಅಪ್ಪ ಕೂಲರಿನ ಹಲಗೆಗೆ ಹುಲ್ಲು ತುಂಬುತ್ತಾ, ತಲೆ ಎತ್ತದೆ, “ಹೋಗು ಮಗಳೇ, ನನ್ನ ಕಣ್ಣ ಮೇಲೆ ಕಾಲಿಟ್ಟು ಹೋಗು” ಅಂದ. ಗ್ಯಾಸಿನವನಿಗೆ ಕೊಟ್ಟ ಅದೇ ಕಣ್ಣು, ಅದೇ ಕಾಲು. ಗ್ಯಾಸಿನವನು ಒಳಗೆ ಬರುತ್ತಿದ್ದ, ಇವಳು ಹೊರಗೆ ಹೋಗುವವಳು, ವ್ಯತ್ಯಾಸ ಅಷ್ಟೇ.

ಬಾಯುಪಚಾರದ ಈ ಪದ್ಧತಿಗೆ ಅಲ್ಲಿಯವರು ತಾರೋಫ್ ಅನ್ನುತ್ತಾರೆ. ಯಾರು ಏನು ಕೊಟ್ಟರೂ ಎರಡು ಸಲ ಬೇಡ ಅನ್ನಬೇಕು. ಕೊಡುವವರು ಮೂರನೇ ಸಲವೂ ಒತ್ತಾಯ ಮಾಡಿದರೆ ಮಾತ್ರ ಅದು ನಿಜ. ಫರಂಗೀಸ್ ಮಾರನೆಯ ದಿನ ಮತ್ತೆ ಕೇಳಿದಳು. “ನಿನಗೋಸ್ಕರ ಬಲಿಯಾಗ್ತೀನಿ, ಹೋಗು” ಅಂದ ಅಪ್ಪ. ತರಕಾರಿಯವನಿಗೂ ಅವನು ದಿನಾ ಬಲಿಯಾಗುತ್ತಿದ್ದ. ಮೂರನೇ ದಿನ ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಏಣಿ ಎತ್ತಿಕೊಂಡು, “ಮೇಲ್ಗಡೆ ನಮ್ಮ ಕೂಲರ್ ಸೋರ್ತಾ ಇದೆ” ಎಂದು ತಾರಸಿ ಹತ್ತಿದವನು ಊಟದ ತನಕ ಇಳಿಯಲಿಲ್ಲ.

ವಿಮಾನಕ್ಕೆ ಇನ್ನು ಇಪ್ಪತ್ತೆರಡು ದಿನ. ವೀಸಾ ಬಂದಿತ್ತು, ಟಿಕೆಟ್ ಬಂದಿತ್ತು, ಕಂಬಳಿ ಕೋಟು ಕೂಡ ಬಂದಿತ್ತು. ಬಾರದಿದ್ದದ್ದು ಆ ಮೂರನೇ ‘ಹೋಗು’ ಒಂದೇ. ಅದು ಬಾರದೆ ವಿಮಾನ ಹತ್ತುವುದಿಲ್ಲ ಎಂದು ಫರಂಗೀಸ್ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಅಪ್ಪನನ್ನು ಕೇಳಿದ ಪ್ರಶ್ನೆಗೆ ಅಪ್ಪನ ಅಭ್ಯಾಸ ಉತ್ತರ ಕೊಟ್ಟಿತ್ತು. ಅಪ್ಪ ಇನ್ನೂ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಅನಾಹುತವಾಯಿತು. ಜರ್ಮನಿಯಲ್ಲಿ ಅವಳಿಗೆ ಕೋಣೆ ಕೊಡಲು ಒಪ್ಪಿದ್ದ ಶ್ರೀಮತಿ ಬ್ರೆಮರ್ ಎಂಬಾಕೆ ಮೇಲ್ ಕಳಿಸಿದಳು: ‘ನಿನ್ನನ್ನು ಕರೆದುಕೊಂಡು ಬರಲು ನಾನು ಸ್ಟೇಷನ್ನಿಗೆ ಬರಲೇ?’ ಫರಂಗೀಸ್ ಮರ್ಯಾದಸ್ಥರ ಮನೆಯ ಹುಡುಗಿ. ‘ಬೇಡ ಬೇಡ, ನಿಮಗೆ ಯಾಕೆ ತೊಂದರೆ, ನಾನು ಹೇಗೋ ಬರುತ್ತೇನೆ, ನಿಮ್ಮ ನೆರಳು ಎಂದೂ ಗಿಡ್ಡವಾಗದಿರಲಿ’ ಎಂದು ಬರೆದು, ಆಕೆ ಎರಡನೇ ಸಲ ಕೇಳುವುದನ್ನೇ ಕಾಯುತ್ತ ಕೂತಳು. ನಾಲ್ಕೇ ನಿಮಿಷಕ್ಕೆ ಉತ್ತರ ಬಂತು.

‘ಸರಿ.’

ಮನೆಯವರೆಲ್ಲ ಫೋನನ್ನು ಸುತ್ತುವರಿದು ಆ ‘ಸರಿ’ಯನ್ನು ನೋಡಿದರು. ಕೆಳಗೆ ಇನ್ನೇನಾದರೂ ಉಳಿದಿದೆಯೇ ಎಂದು ಬೆರಳಿನಿಂದ ತಳ್ಳಿ ತಳ್ಳಿ ನೋಡಿದರು. ಕೆಳಗೆ ಬರೀ ಬಿಳಿ.

“ಎರಡು ಪೆಟ್ಟಿಗೆ ಇಟ್ಕೊಂಡು ಹೆಣ್ಣುಮಗು ಬೀದಿಯಲ್ಲಿ ನಿಂತಿರತ್ತೆ, ಇವಳು ಸರಿ ಅಂತಾಳಲ್ಲ!” ಎಂದು ಫರಂಗೀಸಳ ತಾಯಿ ಎಫ್ಫತ್ ಎದೆ ಬಡಿದುಕೊಂಡಳು. “ಏನು ಸರಿ? ಯಾವುದು ಸರಿ? ಇದು ಸರೀನಾ?”

ತಾಯಿ ಕೂಡಲೇ ತನ್ನ ತಮ್ಮನಿಗೆ ಫೋನ್ ಮಾಡಿದಳು. ಹೂಶಂಗ್ ಮಾಮ ಊರಿನ ಫುಟ್‌ಬಾಲ್ ಪಂದ್ಯಗಳ ರೆಫರಿ. ಹಿಂದೊಮ್ಮೆ ಯಾರದೋ ಮದುವೆಗೆಂದು ಹನ್ನೊಂದು ದಿನ ಹ್ಯಾಂಬರ್ಗಿನಲ್ಲಿ ಇದ್ದು ಬಂದಿದ್ದ. ಆ ಹನ್ನೊಂದು ದಿನವನ್ನು ಹನ್ನೊಂದು ವರ್ಷದಿಂದ ಹೇಳುತ್ತಿದ್ದ. ಬಂದವನೇ ಮೇಲ್ ಓದಿ ತಲೆಯಾಡಿಸಿದ.

“ಐದು ಕೇಜಿ ಇಳಿದಿದ್ದೆ ಕಣಮ್ಮ ಅಲ್ಲಿ. ಮದುವೆ ಮನೇಲಿ! ಊಟ ಬೇಕಾ ಅಂದ್ರು, ಬೇಡ ಅಂದೆ, ತಟ್ಟೆ ಹೋಯ್ತು. ಕೇಕ್ ಬೇಕಾ ಅಂದ್ರು, ಬೇಡ ಅಂದೆ, ಕೇಕೂ ಹೋಯ್ತು. ಹನ್ನೊಂದು ದಿನ ತಟ್ಟೆಗಳ ಬೆನ್ನು ನೋಡ್ಕೊಂಡೇ ಕಳೆದೆ. ಈ ಹುಡುಗಿ ಹೆಸರಲ್ಲೇ ಫರಂಗಿ ಇದೆ, ನಾಲಿಗೇಲಿ ಮಾತ್ರ ಬರೀ ಕಾಶಾನು. ಒಂದು ವಾರದಲ್ಲಿ ಹಸಿದು ಸಾಯ್ತಾಳೆ.”

“ಹಾಗನ್ಬೇಡ್ವೋ!” ಅಂದಳು ಎಫ್ಫತ್.

“ಅದಕ್ಕೇ ಹೇಳ್ತೀನಿ ಕೇಳಿ. ಈ ಕ್ಷಣದಿಂದ ಈ ಮನೆ ಜರ್ಮನಿ. ಯಾರೇ ಆಗ್ಲಿ ಒಂದೇ ಸಲ ಕೇಳೋದು, ಒಂದೇ ಸಲ ಹೇಳೋದು, ಹೇಳಿದ್ದೇ ಖಾಯಂ.” ಮಾಮ ಜೇಬಿನಿಂದ ಸೀಟಿ ತೆಗೆದು ಕುತ್ತಿಗೆಗೆ ಹಾಕಿಕೊಂಡ. ಇನ್ನೊಂದು ಜೇಬಿನಿಂದ ಹಳದಿ ಕಾರ್ಡು, ಕೆಂಪು ಕಾರ್ಡು ಬಂದವು. “ಬಾಯುಪಚಾರಕ್ಕೆ ಹಳದಿ. ಎರಡು ಹಳದಿಗೆ ಒಂದು ಕೆಂಪು. ಕೆಂಪು ಬಂದ್ರೆ ಆ ಹೊತ್ತಿನ ಟೀ ಇಲ್ಲ.”

ನುಸ್ರತ್ ಆಗಾ ಮೆಚ್ಚುಗೆಯಿಂದ, “ನಿಮ್ಮ ಕೈ ಎಂದೂ ನೋಯದಿರಲಿ” ಅಂದ.

ಪೀಂ! ಹಳದಿ.

“ಕ್ಷಮಿಸಿ, ನಾನು ನಿಮ್ಮ ಕಾಲಿನ ಧೂಳು” ಅಂದ ನುಸ್ರತ್ ಆಗಾ.

ಪೀಂ! ಕೆಂಪು.

ಆ ದಿನದ ಊಟಕ್ಕೆ ಎಫ್ಫತ್ ಕೇಸರಿ ಅನ್ನ ಮಾಡಿ, ಪಾತ್ರೆ ಕವುಚಿ, ತಳದಲ್ಲಿ ಹೊಂಬಣ್ಣಕ್ಕೆ ಹುರಿದು ನಿಂತಿದ್ದ ಗರಿಗರಿ ಅನ್ನದ ಪದರವನ್ನು ಹೂಶಂಗನ ಮುಂದೆಯೇ ಇಟ್ಟಳು. ಆ ಗರಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ಆ ಬೀದಿಯಲ್ಲಿ ಎರಡಿದ್ದವು. “ಹಾಕ್ಲೇನೋ?” ಅಂದಳು.

“ಅಯ್ಯೋ ಬೇಡ, ಮಗೂಗೆ ಹಾಕು” ಅಂದ ಮಾಮ, ನಲವತ್ತೆಂಟು ವರ್ಷದ ಅಭ್ಯಾಸದಲ್ಲಿ.

ಎಫ್ಫತ್ ತಟ್ಟೆ ಎತ್ತಿ ಮಗಳ ಮುಂದೆ ಇಟ್ಟಳು. ಫರಂಗೀಸ್ “ಹೂಂ, ಬೇಕು” ಎಂದು ಮೊದಲ ಸಲಕ್ಕೇ ಹೇಳಿ ಕರಕರ ಅಗಿಯತೊಡಗಿದಳು. ಮಾಮನ ಕೈ ಸೀಟಿಯ ಕಡೆ ಹೋಗಿ, ಯಾರ ಮೇಲೆ ಊದಬೇಕೆಂದು ತಿಳಿಯದೆ ವಾಪಸು ಬಂತು. ಅವನು ಬರೀ ಮೊಸರು ಕುಡಿದು ಮನೆಗೆ ಹೋದ. ಫರಂಗೀಸಳಿಗೆ ಮಾತ್ರ ಜರ್ಮನಿ ಒಂದೇ ಊಟಕ್ಕೆ ರುಚಿಸಿಬಿಟ್ಟಿತು.

ಮಾರನೆಯ ದಿನ ಮಾಮ ಅವಳನ್ನು ಮನೆಯ ಹೊರಗಿನ ಅಭ್ಯಾಸಕ್ಕೆ ಕಳಿಸಿದ. ಎದುರುಮನೆಯ ತೂಬಾ ಖಾನಂ ಟೀ ಕೊಟ್ಟಳು. ಇವಳು ಮೊದಲ ಸಲಕ್ಕೇ ತೆಗೆದುಕೊಂಡಳು. ಸಕ್ಕರೆ ಉಂಡೆ ಕೊಟ್ಟಳು. ತೆಗೆದುಕೊಂಡಳು. ಆಮೇಲೆ ಸುಮ್ಮನೆ ಕೂರಲಾರದೆ ಫರಂಗೀಸ್, “ನಿಮ್ಮ ಸಮೋವರ್ ಎಷ್ಟು ಚೆನ್ನಾಗಿದೆ ಖಾನಂ” ಅಂದಳು.

“ನಿನ್ನದೇ ಅಂತ ತಿಳ್ಕೋ ಕಣೇ, ತಗೊಂಡು ಹೋಗು” ಅಂದಳು ತೂಬಾ ಖಾನಂ. ತೊಂಬತ್ತು ವರ್ಷದ ಹಿಂದೆ ಅವಳ ಅಜ್ಜಿಯ ಜೊತೆ ಈ ಮನೆಗೆ ಬಂದ, ಟೀಗೆ ನೀರು ಕಾಯಿಸುವ ಹಿತ್ತಾಳೆಯ ಸಮೋವರ್ ಅದು. ಇಷ್ಟು ವರ್ಷದಲ್ಲಿ ಹೊಗಳಿದವರಿಗೆಲ್ಲ ಅದನ್ನು ದಾನ ಮಾಡುತ್ತ ಬಂದಿದ್ದರೂ ಅದು ಕೂತ ಜಾಗದಿಂದ ಒಂದು ಗೇಣೂ ಕದಲಿರಲಿಲ್ಲ.

“ಥ್ಯಾಂಕ್ಸ್ ಖಾನಂ” ಎಂದು ಫರಂಗೀಸ್ ಎದ್ದು, ತಲೆವಸ್ತ್ರದ ತುದಿಯಿಂದ ಎರಡೂ ಹಿಡಿಕೆ ಹಿಡಿದು, ಮೇಲೆ ಟೀಪಾಟ್ ಕೂತಿದ್ದ ಹಾಗೆಯೇ, ಹಬೆಯಾಡುತ್ತಿದ್ದ ಸಮೋವರನ್ನು ಎತ್ತಿಕೊಂಡು ಬಾಗಿಲು ದಾಟಿದಳು. ತೂಬಾ ಖಾನಂಳ ಲೋಟ ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಬೇಡ ಎನ್ನಬೇಕಾದವಳೇ ಬೇಡ ಎನ್ನದಿದ್ದರೆ ಮುಂದೇನು ಹೇಳಬೇಕೆಂದು ಆಕೆಗೆ ಯಾರೂ ಕಲಿಸಿರಲಿಲ್ಲ.

“ವಾಪಸ್ ಕೊಟ್ಟು ಬಾ, ನನ್ನ ಮಾನ ತೆಗೀಬೇಡ!” ಎಂದು ಎಫ್ಫತ್ ಕೂಗಿದಳು.

ಪೀಂ! “ಕೊಟ್ಟಿದ್ದನ್ನ ವಾಪಸ್ ಮಾಡಿದ್ರೆ ಜರ್ಮನಿಯವರಿಗೆ ಅವಮಾನ” ಅಂದ ಮಾಮ. ಅದು ನಿಜವೋ ಸುಳ್ಳೋ ಕೇಳಲು ಜರ್ಮನಿಯವರು ಯಾರೂ ಅಲ್ಲಿರಲಿಲ್ಲ.

ವಾರ ಮುಗಿಯುವಷ್ಟರಲ್ಲಿ ದಂತವೈದ್ಯರ ಗೋಡೆ ಗಡಿಯಾರ ಮನೆಗೆ ಬಂತು. ದರ್ಜಿಯ ಮಖಮಲ್ಲಿನ ತುಂಡು ಬಂತು. ಕ್ಷೌರದಂಗಡಿಯ ಕೆನೆರಿ ಹಕ್ಕಿ ಪಂಜರ ಸಮೇತ ಬಂದು, ಸೀಟಿ ಕೇಳಿದಾಗಲೆಲ್ಲ ಉತ್ತರ ಕೊಡತೊಡಗಿತು. ಬೀದಿಯಲ್ಲಿ ಸುದ್ದಿ ಹರಡಿದ್ದೇ ತಡ, ಫರಂಗೀಸ್ ಬರುತ್ತಾಳೆಂದರೆ ಜನ ತಮ್ಮ ತಮ್ಮ ಚಂದದ ವಸ್ತುಗಳ ಮೇಲೆ ಕೂತುಬಿಡುತ್ತಿದ್ದರು. “ಚೆನ್ನಾಗಿದೀರಾ?” ಅಂತ ಅವಳು ಕೇಳಿದರೂ “ಇಲ್ಲ, ಏನೂ ಚೆನ್ನಾಗಿಲ್ಲ” ಅನ್ನುತ್ತಿದ್ದರು.

ಇಷ್ಟೆಲ್ಲ ಕೂಡಿಹಾಕಿದರೂ ಅವಳಿಗೆ ಬೇಕಾದದ್ದು ಸಿಕ್ಕಿರಲಿಲ್ಲ. ಮಾಮನ ಜರ್ಮನಿಯಲ್ಲಿ ಅಪ್ಪ ಮೂಕನಾಗಿದ್ದ. ಅವನ ಬಾಯಲ್ಲಿದ್ದದ್ದೆಲ್ಲ ಕಣ್ಣು, ಕಾಲು, ಧೂಳು, ನೆರಳು, ಬಲಿ. ಇಷ್ಟನ್ನೂ ಕಸಿದುಕೊಂಡ ಮೇಲೆ ಉಳಿದದ್ದು ಕೆಮ್ಮು ಒಂದೇ. ಫರಂಗೀಸ್ “ಅಪ್ಪಾ...” ಅಂದರೆ ಸಾಕು, ಅವನು ಮಾಮನ ಸೀಟಿಯ ಕಡೆ ನೋಡುತ್ತಿದ್ದ, ಏಣಿ ಎತ್ತಿಕೊಳ್ಳುತ್ತಿದ್ದ. ಒಂದು ದಿನ ಅವನು ಪೇಟೆಗೆ ಹೋದಾಗ ಅವಳು ತಾರಸಿ ಹತ್ತಿ ನೋಡಿದಳು. ಕೂಲರು ಸೋರುತ್ತಿರಲಿಲ್ಲ. ಸೆಕೆ ಇಳಿದು ವಾರವಾಗಿತ್ತು, ಅದರೊಳಗೆ ಹನಿ ನೀರೂ ಇರಲಿಲ್ಲ. ಪಕ್ಕದಲ್ಲಿ ಮಗುಚಿ ಹಾಕಿದ ಒಂದು ಬಕೆಟ್ಟು, ಮನುಷ್ಯ ಕೂತು ಕೂತು ಬಗ್ಗಿದ್ದು.

ಶುಕ್ರವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಹೊರಗೆ ತೂಬಾ ಖಾನಂ, ಅವಳ ಗಂಡ ಯದುಲ್ಲಾ ಮೇಷ್ಟ್ರು, ಎರಡು ಹಾಸಿಗೆ, ನಾಲ್ಕು ದಿಂಬು, ಒಂದು ಪೆಟ್ಟಿಗೆ, ಉಪ್ಪಿನಕಾಯಿ ಭರಣಿ. ಮೇಷ್ಟ್ರು ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಅವರೂ ನುಸ್ರತ್ ಆಗಾನೂ ಎದುರಾದರೆ ಹೊಸ್ತಿಲಲ್ಲಿ ‘ನೀವು ಮೊದಲು, ನೀವು ಮೊದಲು’ ಎಂದು ಕಾಲು ಗಂಟೆ ನಿಲ್ಲುವುದು ವಾಡಿಕೆ. ಆ ದಿನ ಮೇಷ್ಟ್ರು ಯಾರಿಗೂ ಏನೂ ಅನ್ನದೆ ಸೀದಾ ಒಳಗೆ ನಡೆದರು. ಎಫ್ಫತ್ ಗೋಡೆ ಹಿಡಿದುಕೊಂಡಳು.

“ಹತ್ತೊಂಬತ್ತು ವರ್ಷದಿಂದ ದಿನಾ ಕರೀತಿದ್ದೀರಿ ನುಸ್ರತ್ ಆಗಾ,” ಅಂದರು ಮೇಷ್ಟ್ರು. “‘ಈ ಮನೆ ನಿಮ್ಮದೇ, ಬಂದು ಇದ್ಬಿಡಿ’ ಅಂತ. ಈ ಮನೇಲಿ ಈಗ ಹೇಳಿದ್ದೇ ಖಾಯಂ ಅಂತ ಗೊತ್ತಾಯ್ತು. ಬಂದಿದ್ದೀವಿ. ಇರ್ತೀವಿ.”

“ನಮ್ಮ ಸಮೋವರ್ ಜೊತೆಗೇ ನಾವೂ ಇರೋಣ ಅಂತ” ಎಂದು ತೂಬಾ ಖಾನಂ ಫರಂಗೀಸಳನ್ನು ನೋಡಿ ನಕ್ಕಳು. ಆ ನಗು ಕುದಿಯುತ್ತಿದ್ದ ಹಾಗಿತ್ತು.

ಎಲ್ಲರೂ ನುಸ್ರತ್ ಆಗಾನ ಬಾಯಿ ನೋಡಿದರು. ಅವನು ಏಣಿಯ ಕಡೆ ಒಮ್ಮೆ ನೋಡಿದ. ಕೊನೆಗೆ ಹೊರಬಿದ್ದದ್ದು, “ಬನ್ನಿ, ನನ್ನ ಕಣ್ಣ ಮೇಲೆ ಕಾಲಿಟ್ಟು...”

ಪೀಂ! ಅಂದ ಮಾಮ. ಪೀಂ ಅಂದಿತು ಕೆನೆರಿ.

ಮೇಷ್ಟ್ರು ಅತಿಥಿಗಳ ದೊಡ್ಡ ಕೋಣೆಯಲ್ಲಿ ಹಾಸಿಗೆ ಹಾಸಿ, ಸೀಮೆಸುಣ್ಣದಿಂದ ಬಾಗಿಲಿಗೆ ಅಡ್ಡ ಗೆರೆ ಎಳೆದರು. ಎರಡನೇ ದಿನ ಗೆರೆ ಪಡಸಾಲೆಯ ಅರ್ಧದವರೆಗೆ ಬಂತು. ಮೂರನೇ ದಿನ ಅಡುಗೆಮನೆಯನ್ನು ಬಂದರು ಪ್ರದೇಶವೆಂದು ಘೋಷಿಸಿ, ಸಮುದ್ರಕ್ಕೆ ದಾರಿಯಿಲ್ಲದ ದೇಶ ಉದ್ಧಾರವಾಗುವುದಿಲ್ಲವೆಂದು ಎಫ್ಫತ್‌ಗೆ ಪಾಠ ಮಾಡಿದರು. ಅವಳು ಉಪ್ಪು ತರಲು ಹೋದರೆ, “ಎಷ್ಟು ದಿನ ಇರ್ತೀಯಮ್ಮ? ಉದ್ದೇಶ ಏನು?” ಎಂದು ವಿಚಾರಿಸುತ್ತಿದ್ದರು.

“ಒಂದೇ ಒಂದು ಮಾತು ಕಣ್ರೀ,” ಎಂದು ಎಫ್ಫತ್ ಗಂಡನ ಕಿವಿಯಲ್ಲಿ ಅತ್ತಳು. “ಇಲ್ಲ ಅಂತ ಅನ್ನಿ. ಅಂದ್ರೆ ಹೋಗ್ತಾರೆ. ಅದನ್ನೇ ಕಾಯ್ತಾ ಇದ್ದಾರೆ ಅವರೂ. ತೂಬಾಗೆ ನಮ್ಮ ನೆಲದಲ್ಲಿ ಮಲಗಿ ಸೊಂಟ ಹಿಡಿದಿದೆ.”

“ಹೆಂಗನ್ನೋದು?” ಅಂದ ನುಸ್ರತ್ ಆಗಾ. “ನಾನೇ ಅಲ್ವಾ ಕರೆದಿದ್ದು.”

“ಮನಸ್ಸಿಂದ ಕರೆದ್ರಾ ಅಪ್ಪಾ?” ಎಂದು ಫರಂಗೀಸ್ ಕೇಳಿದಳು.

ಅವನು ಕೈಗಂಟಿದ್ದ ಹುಲ್ಲು ಕೊಡವಿಕೊಂಡ. “ಅದನ್ನ ನೋಡ್ಕೊಳ್ಳೋಕೆ ಪುರುಸೊತ್ತೇ ಆಗ್ಲಿಲ್ಲ ಮಗಳೇ. ಬಾಯಿಗೆ ಬಂತು, ಅಂದೆ.”

ಫರಂಗೀಸ್ ಅಷ್ಟಕ್ಕೇ ಎದ್ದಳು. ತನಗೆ ಹೇಳಿದ್ದೂ ಹಾಗೇ ಬಾಯಿಗೆ ಬಂದಿತ್ತೇನೋ. ಇಡೀ ಬೀದಿಗೆ ಹೌದು ಹಂಚಿದ ಮನುಷ್ಯ ತನಗೂ ಒಂದು ಹಂಚಿದ್ದಾನೆ. ಅವನ ಬಾಯಿಂದ ಒಂದೇ ಒಂದು ‘ಇಲ್ಲ’ ಕೇಳಿದ್ದರೆ ಆಗ ಹೌದನ್ನು ಪಕ್ಕದಲ್ಲಿಟ್ಟು ನೋಡಬಹುದಿತ್ತು. ಅವಳು ಕೋಣೆಗೆ ಹೋಗಿ, ತುಂಬಿಟ್ಟಿದ್ದ ಪೆಟ್ಟಿಗೆಯಿಂದ ಕಂಬಳಿ ಕೋಟು ತೆಗೆದು ಮತ್ತೆ ಗೂಟಕ್ಕೆ ನೇತುಹಾಕಿದಳು.

ವಿಮಾನಕ್ಕೆ ನಾಲ್ಕು ದಿನ ಉಳಿದಿದ್ದಾಗ, ಮಧ್ಯಾಹ್ನದ ಟೀ ಹೊತ್ತಿಗೆ, ಮೇಷ್ಟ್ರು ಹೊಸ ನಕ್ಷೆಯೊಂದನ್ನು ಹರಡಿಕೊಂಡು ಕೂತಿದ್ದರು.

“ನುಸ್ರತ್ ಆಗಾ, ಮಗಳು ಮಂಗಳವಾರ ಹೋಗ್ತಾಳಲ್ಲ,” ಅಂದರು. “ಆಮೇಲೆ ಅವಳ ಕೋಣೆ ಖಾಲಿ. ಉತ್ತರ ದಿಕ್ಕು, ತಣ್ಣಗಿರತ್ತೆ. ನಮ್ಮ ಪುಸ್ತಕ ಅಲ್ಲಿಡ್ತೀವಿ. ಮಂಚ ತೆಗೆಸ್ಬಿಡಿ. ಹೆಂಗೂ ಮನೆ ನಮ್ಮದೇ ಅಂದಿದ್ದೀರಿ.”

ನುಸ್ರತ್ ಆಗಾ ಬಾಯಿಗೆ ಇಟ್ಟುಕೊಂಡಿದ್ದ ಸಕ್ಕರೆ ಉಂಡೆಯನ್ನು ತೆಗೆದು ತಟ್ಟೆಯಲ್ಲಿಟ್ಟ.

“ಇಲ್ಲ” ಅಂದ.

ಯಾರಿಗೂ ಅರ್ಥವಾಗಲಿಲ್ಲ. ಪಕ್ಕದ ಮನೆಯ ರೇಡಿಯೋ ಇರಬೇಕೆಂದು ಎಫ್ಫತ್ ಕಿಟಕಿಯ ಕಡೆ ತಿರುಗಿದಳು.

“ಇಲ್ಲ,” ಅಂದ ಅವನು ಮತ್ತೆ, ಈ ಸಲ ಕೊಂಚ ಜೋರಾಗಿ, ತನಗೇ ಕೇಳಿಸಲಿ ಎನ್ನುವ ಹಾಗೆ. “ಆ ಕೋಣೆ ಕೊಡಲ್ಲ. ಮಂಚ ತೆಗೆಸಲ್ಲ. ಅದು ಅವಳದು. ಅವಳು ವಾಪಸ್ ಬಂದಾಗ ಅಲ್ಲೇ ಮಲಗ್ತಾಳೆ. ನಿಮ್ಮ ಸೀಮೆಸುಣ್ಣ ಆ ಬಾಗಿಲ ಹತ್ರ ಬರಕೂಡ್ದು.” ಸ್ವಲ್ಪ ತಡೆದು ಸೇರಿಸಿದ, “ಇನ್ನೊಂದು. ದೊಡ್ಡ ಕೋಣೇಲೂ ನೀವಿರೋದು ನನಗಿಷ್ಟ ಇಲ್ಲ. ಮನೆಗೆ ಹೋಗಿ.”

ಹೂಶಂಗ್ ಮಾಮನ ಬಾಯಿಂದ ಸೀಟಿ ಜಾರಿ ಟೀಯೊಳಗೆ ಬಿತ್ತು. ಕೆನೆರಿ ಕೂಡ ಸುಮ್ಮನಾಯಿತು.

ಮೇಷ್ಟ್ರು ನಕ್ಷೆ ಮಡಚಿದರು. ಅವರ ಮುಖದಲ್ಲಿ ಸೋಲಿನ ಗುರುತೇ ಇರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿ ಕೊನೆಗೆ ಒಬ್ಬ ವಿದ್ಯಾರ್ಥಿ ಸರಿಯುತ್ತರ ಕೊಟ್ಟಂತೆ ತಲೆದೂಗಿದರು. “ಅಬ್ಬಾ, ಅಂದ್ಬಿಟ್ರಲ್ಲ ಮಾರಾಯ್ರೇ!” ಎಂದು ತೂಬಾ ಖಾನಂ ಸೊಂಟ ಹಿಡಿದು ಎದ್ದು ಸೀದಾ ದಿಂಬು ಕಟ್ಟಲು ಹೋದಳು.

ಫರಂಗೀಸ್ ಅಪ್ಪನ ಎದುರು ಬಂದು ಕೂತಳು. ಏಣಿ ಗೋಡೆಗೆ ಒರಗಿತ್ತು. ಅದಕ್ಕೂ ಅಪ್ಪನಿಗೂ ನಡುವೆ ಅವಳಿದ್ದಳು.

“ಅಪ್ಪಾ, ನಾನು ಹೋಗೋದು ನಿನಗೆ ಇಷ್ಟಾನಾ?”

“ಇಲ್ಲ” ಅಂದ ನುಸ್ರತ್ ಆಗಾ. ಅದು ಅವನಿಗೆ ಈಗ ಸಲೀಸಾಗಿ ಬರುತ್ತಿತ್ತು. “ಒಂಚೂರೂ ಇಷ್ಟ ಇಲ್ಲ.”

ಎಫ್ಫತ್ ಬಾಯಿಗೆ ತಲೆವಸ್ತ್ರದ ಅಂಚು ಅಡ್ಡ ಇಟ್ಟುಕೊಂಡಳು. ಹೂಶಂಗ್ ಮಾಮ ಟೀಯಿಂದ ಸೀಟಿ ತೆಗೆಯುವುದನ್ನು ನಿಲ್ಲಿಸಿದ. ಫರಂಗೀಸ್ ತಲೆ ತಗ್ಗಿಸಿದಳು. ಸರಿ, ಗೊತ್ತಾಯಿತಲ್ಲ. ಕೋಟು ಗೂಟದ ಮೇಲೆಯೇ ಇದೆ.

“ಏಳಬೇಡ,” ಅಂದ ಅಪ್ಪ. “ನೀನು ಕೇಳಿದ್ದು ನನಗೆ ಇಷ್ಟಾನಾ ಅಂತ. ನಿಮ್ಮ ಮಾಮನ ಜರ್ಮನಿಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕಂತೆ. ಇನ್ನೊಂದು ಕೇಳಬೇಕಲ್ಲ ನೀನು? ಎರಡು ಸಲ ಕೇಳಿ ಬಿಟ್ಟಿದ್ದೀಯಲ್ಲ, ಅದು.”

ಅವಳು ತಲೆ ಎತ್ತಿದಳು. “ಹೋಗ್ಲಾ ಅಪ್ಪಾ?”

“ಹೋಗು.”

ಅವಳು ಕಾದಳು. ಹಿಂದೆ ಕಣ್ಣು ಬರಲಿಲ್ಲ, ಕಾಲು ಬರಲಿಲ್ಲ, ಬಲಿಯೂ ಇಲ್ಲ, ಧೂಳೂ ಇಲ್ಲ. ಶ್ರೀಮತಿ ಬ್ರೆಮರಳ ‘ಸರಿ’ಯ ಹಾಗೆ ಕೆಳಗೆ ಬರೀ ಬಿಳಿ. ಆ ಬಿಳಿಯನ್ನು ನೋಡಿ ಎಫ್ಫತ್ ಆವತ್ತು ಎದೆ ಬಡಿದುಕೊಂಡಿದ್ದಳು. ಫರಂಗೀಸಳಿಗೆ ಈಗ ಅದರಷ್ಟು ಚಂದದ್ದು ಇಡೀ ಕಾಶಾನಿನಲ್ಲಿ ಇನ್ನೊಂದಿಲ್ಲ ಅನ್ನಿಸಿತು, ತೂಬಾ ಖಾನಂಳ ಸಮೋವರನ್ನೂ ಸೇರಿಸಿ.

ಅವಳು ಅಲ್ಲೇ ಕೂತು ಮೇಲ್ ಬರೆದಳು: ‘ಶ್ರೀಮತಿ ಬ್ರೆಮರ್, ಸ್ಟೇಷನ್ನಿಗೆ ಬರಬೇಡಿ ಅಂದಿದ್ದೆ. ಅದು ಸುಳ್ಳು. ದಯವಿಟ್ಟು ಬನ್ನಿ. ಎರಡು ಪೆಟ್ಟಿಗೆಗಳಿವೆ, ನನಗೆ ಹೆದರಿಕೆಯೂ ಇದೆ.’ ಮೂರು ನಿಮಿಷಕ್ಕೆ ಉತ್ತರ ಬಂತು. ‘ಸರಿ.’

ನುಸ್ರತ್ ಆಗಾ ಕನ್ನಡಕ ಹಾಕಿಕೊಂಡು ಅದನ್ನು ಓದಿದ. “ಒಳ್ಳೇ ಹೆಂಗಸು,” ಅಂದ. “ಹೇಳಬೇಕಾದ್ದು ಹೇಳ್ತಾಳೆ.” ಆಮೇಲೆ ಏಣಿ ಎತ್ತಿಕೊಂಡು, “ಮೇಲ್ಗಡೆ ಕೂಲರ್ ಸೋರ್ತಾ ಇದೆ” ಎಂದು ತಾರಸಿ ಹತ್ತಿದ. ಫರಂಗೀಸ್ ಏಣಿಯ ಬುಡ ಹಿಡಿದುಕೊಂಡಳು.

ಸಂಜೆ ಗಡಿಯಾರ ದಂತವೈದ್ಯರಿಗೂ ಮಖಮಲ್ಲು ದರ್ಜಿಗೂ ಹಕ್ಕಿ ಕ್ಷೌರದಂಗಡಿಗೂ ಹಿಂತಿರುಗಿದವು. ಮೇಷ್ಟ್ರು ಒದ್ದೆ ಬಟ್ಟೆಯಿಂದ ತಮ್ಮ ಗಡಿಗಳನ್ನು ತಾವೇ ಒರೆಸಿದರು. ಸಮೋವರ್ ಅಪ್ಪಿಕೊಂಡು ತೂಬಾ ಖಾನಂ ಹೊಸ್ತಿಲ ಹತ್ತಿರ ನಿಂತಾಗ, ತಾರಸಿಯಿಂದ ಇಳಿದು ಬರುತ್ತಿದ್ದ ನುಸ್ರತ್ ಆಗಾ ಕೂಗಿ ಹೇಳಿದ:

“ಊಟ ಮಾಡ್ಕೊಂಡು ಹೋಗಿ.”

“ಇಲ್ಲ ಇಲ್ಲ, ತೊಂದರೆ ಯಾಕೆ” ಅಂದರು ಮೇಷ್ಟ್ರು.

ಎಲ್ಲರೂ ಹೂಶಂಗ್ ಮಾಮನ ಕಡೆ ನೋಡಿದರು. ಮಾಮನ ಸೀಟಿಯೊಳಗೆ ಇನ್ನೂ ಟೀ ಇತ್ತು. ಅವನು ಕೈಯಾಡಿಸಿಬಿಟ್ಟ.

“ತೊಂದರೆ ಏನ್ರೀ, ಕೂತ್ಕೊಳ್ಳಿ.”

“ಇಲ್ಲಪ್ಪ, ಇನ್ನೊಂದಿನ ಬರ್ತೀವಿ.”

“ಮೇಷ್ಟ್ರೇ, ಕೂತ್ಕೊಳ್ಳಿ ಅಂದೆ.”

ಅದು ಮೂರನೆಯದು. ಮೇಷ್ಟ್ರು ಚಪ್ಪಲಿ ಬಿಟ್ಟರು. ಎಫ್ಫತ್ ಅನ್ನದ ಪಾತ್ರೆ ಕವುಚಿದಳು. ತಳದ ಗರಿ ಇಡಿಯಾಗಿ ಎದ್ದು ಬಂತು. ಫರಂಗೀಸ್ ಅದನ್ನು ತಂದು ಅಪ್ಪನ ಮುಂದಿಟ್ಟಳು. ಅವನು ಬೇಡ ಅನ್ನಲಿಲ್ಲ. ಅವನ ಕಣ್ಣೆರಡೂ ಕೆಂಪಾಗಿದ್ದವು. ಕೂಲರಿನ ಹುಲ್ಲಿನ ಧೂಳು ಅಂದ. ಇರಬಹುದು, ಇಡೀ ಊರು ಕಾಲಿಟ್ಟು ಓಡಾಡಿದ ಕಣ್ಣು, ಮಂಗಳವಾರ ಮಗಳೂ ಅದೇ ದಾರಿಯಲ್ಲಿ ಹೋಗುವವಳಿದ್ದಳು.